ಬಲಗಡೆಯ ಪುಟ ಖಾಲಿ ಇರಲಿ

ಬೆಳ್ಳಿಯಲ್ಲಿ ಮುಖ ಕಾಣುವ ಕತೆಯನ್ನು ನಾನು ಕಡಿಮೆ ಅಂದರೂ ಹತ್ತು ಸಲ ಹೇಳಿದ್ದೇನೆ. ನೀವೂ ಚರ್ಚಿನ ಯಾವುದಾದರೂ ಪ್ರಸಂಗದಲ್ಲಿ ಕೇಳಿರುತ್ತೀರಿ. ಬೆಳ್ಳಿ ಶುದ್ಧಮಾಡುವವನಿಗೆ ಕೆಲಸ ಮುಗಿಯಿತು ಅಂತ ಗೊತ್ತಾಗುವುದು ಹೇಗೆ? ಕರಗಿದ ಬೆಳ್ಳಿಯಲ್ಲಿ ತನ್ನ ಮುಖ ಕಂಡಾಗ. ದೇವರೂ ಹಾಗೆಯೇ, ತನ್ನ ಮುಖ ನಮ್ಮಲ್ಲಿ ಕಾಣುವವರೆಗೆ ನಮ್ಮನ್ನು ಕಷ್ಟದ ಬೆಂಕಿಯಲ್ಲಿ ಇಡುತ್ತಾನೆ. ಇಷ್ಟು ಹೇಳಿ ಸತ್ಯವೇದದ ಮಲಾಕಿಯ ಪುಸ್ತಕದಿಂದ 3ನೇ ಅಧ್ಯಾಯ ಓದಿದರೆ ಮಕ್ಕಳು ಸುಮ್ಮನಾಗುತ್ತಿದ್ದರು. ನನಗೂ ಸಮಾಧಾನ.

ಒಂದು ಭಾನುವಾರ ಹಿಂದಿನ ಬೆಂಚಿನ ಹುಡುಗ ಕೈ ಎತ್ತಿದ. "ಟೀಚರ್, ನಮ್ಮಪ್ಪ ಹಾಗೆಲ್ಲ ನೋಡುವುದೇ ಇಲ್ಲ." ಅವನ ಅಪ್ಪ ಚಿನ್ನ ಬೆಳ್ಳಿ ಕೆಲಸ ಮಾಡುವವರು ಅನ್ನುವುದು ನನಗೆ ಮರೆತೇ ಹೋಗಿತ್ತು.

ನಾನು ಮಂಗಳೂರಿನವಳು. ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ ಪಾಠ ಮಾಡುತ್ತಾ 16 ವರ್ಷ ಆಯಿತು. ದಿನನಿತ್ಯದ ಬದುಕಿನಿಂದ ವಿಶ್ವಾಸದ ಪಾಠ ಹುಡುಕುವುದು ನನ್ನ ಹುಚ್ಚು ಅನ್ನಬಹುದು. ಯೇಸುಸ್ವಾಮಿ ಸಾಮ್ಯ ಹೇಳಿದ್ದೇ ಹಾಗೆ ಅಲ್ವಾ? ಬಿತ್ತುವವನು, ಬಲೆ, ಕಳೆದುಹೋದ ನಾಣ್ಯ, ಹಳೆ ಬಟ್ಟೆಗೆ ಹೊಸ ತೇಪೆ. ನಾನೂ ಹಾಗೇ ಮಾಡುತ್ತೇನೆ ಅಂದುಕೊಂಡಿದ್ದೆ. ಮಾಡುತ್ತಿದ್ದದ್ದು ಬೇರೆ. ಪಾಠ ಮೊದಲೇ ನನ್ನ ಕೈಯಲ್ಲಿ ಇರುತ್ತಿತ್ತು. ಅದನ್ನು ನೇತುಹಾಕಲು ಒಂದು ಮೊಳೆ ಹುಡುಕುತ್ತಿದ್ದೆ, ಅಷ್ಟೇ. ಮನೆಯಲ್ಲಿ ಎಷ್ಟು ಅತಿ ಆಗಿತ್ತೆಂದರೆ, ಒಂದು ಸಂಜೆ ಚಹಾ ಸೋಸುತ್ತಾ "ನೋಡು, ಈ ಚರಟ ಇದೆಯಲ್ಲ..." ಅಂತ ಶುರು ಮಾಡಿದ್ದಕ್ಕೆ ಮಗಳು, "ಅಮ್ಮ, ಚಹಾ ಚಹಾ ಆಗಿರಲಿ ಬಿಡು" ಎಂದಳು.

ಆ ಹುಡುಗನ ಅಪ್ಪನ ಹತ್ತಿರ ಮರುವಾರವೇ ಹೋದೆ. ಚಿಕ್ಕ ಕೋಣೆ, ನೆಲದ ಮೇಲೆ ಮೂಸೆ, ಪಕ್ಕದಲ್ಲಿ ಬಿಳಿಗಾರದ ಡಬ್ಬಿ. ಮುಖ ಕಾಣುವ ವಿಷಯ ಕೇಳಿದ್ದಕ್ಕೆ ಅವರು ಜೋರಾಗಿ ನಕ್ಕರು. ಬೆಳ್ಳಿ ಕರಗಬೇಕಾದರೆ 960 ಡಿಗ್ರಿ ದಾಟಬೇಕು. "ಅಷ್ಟು ಹತ್ತಿರ ಬಗ್ಗಿ ನೋಡಿದರೆ ಹುಬ್ಬು ಉಳಿಯುವುದಿಲ್ಲ ಟೀಚರ್" ಎಂದರು. ಬಿಳಿಗಾರ ಹಾಕಿದಾಗ ಕಸ ಮೇಲೆ ಬಂದು ಸೇರುವುದನ್ನು ತೋರಿಸಿದರು. ಹಿಂದಿನವರು ಬೆಳ್ಳಿಯನ್ನು ಸೀಸದ ಜೊತೆ ಕರಗಿಸಿ ಗಾಳಿ ಊದುತ್ತಿದ್ದರಂತೆ. ಸೀಸ ಉಳಿದ ಕಸವನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ಕೊನೆಯ ಪೊರೆ ಹೋದ ಕ್ಷಣ ಬೆಳ್ಳಿ ಒಮ್ಮೆ ಫಳ್ಳನೆ ಹೊಳೆಯುತ್ತದೆ. ಮುಖ ಗಿಖ ಏನೂ ಇಲ್ಲ.

ಮನೆಗೆ ಬಂದು ಮಲಾಕಿ ತೆಗೆದು ನೋಡಿದೆ. ಅಲ್ಲಿ ಮುಖದ ಮಾತೇ ಇಲ್ಲ! ಯಾರೋ ಸೇರಿಸಿದ್ದನ್ನು ನಾನು ವಾಕ್ಯದ ಜೊತೆ ಅಂಟಿಸಿ ಹೇಳುತ್ತಾ ಬಂದಿದ್ದೆ. ಆದರೆ ಇನ್ನೊಂದು ಮಾತು ಇದೆ. ಬೆಳ್ಳಿ ಶುದ್ಧಮಾಡುವವನು "ಕುಳಿತುಕೊಳ್ಳುವನು" ಅಂತ. ಅದನ್ನು ನಾನು ಒಂದು ದಿನವೂ ಗಮನಿಸಿರಲಿಲ್ಲ. ಆ ಹುಡುಗನ ಅಪ್ಪ ಕೆಲಸದ ನಡುವೆ ಫೋನ್ ಬಂದರೂ ಎದ್ದಿರಲಿಲ್ಲ. "ಈಗ ಎದ್ದರೆ ಕೆಟ್ಟಿತು" ಎಂದಿದ್ದರು. ಮುಂದಿನ ಭಾನುವಾರ ಮಕ್ಕಳಿಗೆ ಹಳೆ ಕತೆ ಸುಳ್ಳು ಅಂತ ಒಪ್ಪಿಕೊಂಡು, ಕೂತುಕೊಳ್ಳುವ ಕತೆ ಹೇಳಿದೆ. ಆ ಹುಡುಗನ ಮುಖ ನೋಡಬೇಕಿತ್ತು.

ನೋಟ್‌ಬುಕ್ ಶುರುವಾದದ್ದು ಅಲ್ಲಿಂದ. ಸಾಧಾರಣ ಇನ್ನೂರು ಪುಟದ ಪುಸ್ತಕ. ಎಡಗಡೆಯ ಪುಟದಲ್ಲಿ ಕಂಡದ್ದು ಮಾತ್ರ ಬರೆಯುವುದು. ಏನು, ಎಲ್ಲಿ, ಹೇಗೆ ಕೆಲಸ ಮಾಡುತ್ತದೆ, ಅದನ್ನು ಬಲ್ಲವರು ಏನೆಂದರು. ದೇವರು, ಪಾಪ, ಕೃಪೆ ಅನ್ನುವ ಶಬ್ದ ಅಲ್ಲಿ ಬರಕೂಡದು. ಬಲಗಡೆ ಖಾಲಿ. ಅದೇ ದಿನ ಬಲಗಡೆ ಬರೆಯಕೂಡದು ಅನ್ನುವುದೊಂದೇ ನಾನು ಹಾಕಿಕೊಂಡ ಕಟ್ಟು. ವಾರ ಕಳೆಯಲಿ, ತಿಂಗಳಾಗಲಿ. ಬೆಳಗ್ಗೆ ಸತ್ಯವೇದ ಓದುವಾಗ ಯಾವುದಾದರೂ ವಾಕ್ಯ ತಾನಾಗಿ ಎಡಗಡೆಯ ಪುಟವನ್ನು ನೆನಪಿಸಿದರೆ ಆಗ ಬರೆಯುತ್ತೇನೆ. ಎಷ್ಟೋ ಪುಟಗಳ ಬಲಗಡೆ ಇನ್ನೂ ಬಿಳಿಯಾಗಿಯೇ ಇದೆ. ಈಗ ಏಳನೇ ಪುಸ್ತಕ ನಡೆಯುತ್ತಿದೆ.

ಮೊದಲ ಪುಸ್ತಕದಲ್ಲಿ ಇಡ್ಲಿ ಹಿಟ್ಟಿನ ಪುಟ ಇದೆ. ಮತ್ತಾಯ 13ರಲ್ಲಿ ಒಬ್ಬ ಹೆಂಗಸು ಮೂರು ಅಳತೆ ಹಿಟ್ಟಿನಲ್ಲಿ ಹುಳಿ ಅಡಗಿಸಿಡುವ ಸಾಮ್ಯ. ನಮ್ಮ ಇಡ್ಲಿ ಹಿಟ್ಟು ರಾತ್ರಿ ಸದ್ದಿಲ್ಲದೆ ಉಬ್ಬುತ್ತದಲ್ಲ, ಅದನ್ನೇ ಹೇಳಿದರಾಯಿತು ಅಂತ ಸುಲಭವಾಗಿ ತೀರ್ಮಾನಿಸಿದ್ದೆ. ಎಡಗಡೆ ಬರೆಯಲು ಕೂತಾಗ ಸಿಕ್ಕಿಬಿದ್ದೆ. ಇಡ್ಲಿಗೆ ನಾವು ಹುಳಿ ಹಾಕುವುದೇ ಇಲ್ಲ! ಉದ್ದಿನಬೇಳೆಯಲ್ಲಿ ಇರುವ ಸೂಕ್ಷ್ಮಜೀವಿಗಳೇ ಅದನ್ನು ಉಬ್ಬಿಸುತ್ತವೆ. ಸಾಮ್ಯದಲ್ಲಿ ಹುಳಿ ಹೊರಗಿನಿಂದ ಬರುತ್ತದೆ. ಹೆಂಗಸು ತಂದು ಹಾಕುತ್ತಾಳೆ.

ಹೊರಗಿನಿಂದ ಹಾಕುವುದು ಬೇಕಿದ್ದರೆ ನಮ್ಮ ಊರಿನಲ್ಲೇ ಇದೆ. ಸನ್ನ, ಇಡ್ಲಿಯ ಹಾಗೆ ಆವಿಯಲ್ಲಿ ಬೇಯಿಸುವ ತಿಂಡಿ. ಪಕ್ಕದ ಮನೆಯ ಕಥೋಲಿಕ ಬಾಯಿ ಹಳೆ ಕ್ರಮದಲ್ಲಿ ಕಳ್ಳು ಹಾಕಿಯೇ ಸನ್ನ ಮಾಡುತ್ತಾರೆ. ಈಗ ಜಾಸ್ತಿ ಜನ ಯೀಸ್ಟ್ ಹಾಕುವುದು. ಅವರನ್ನು ಕೇಳಿದ್ದಕ್ಕೆ, "ನಾಳೆ ಬಾ, ನೋಡು" ಎಂದರು. ರುಬ್ಬಿದ ಹಿಟ್ಟಿಗೆ ಕಳ್ಳು ಹೊಯ್ದು ಕೈಯಿಂದ ಕಲಸಿದರು. ಆಮೇಲೆ ಯಾವುದು ಹಿಟ್ಟು ಯಾವುದು ಕಳ್ಳು ಅಂತ ಯಾರಿಗೂ ಹೇಳಲಾಗದು. ತೆಗೆಯಲೂ ಆಗದು. ಮುಚ್ಚಿಟ್ಟು ಬೇರೆ ಕೆಲಸಕ್ಕೆ ಹೋದರು. ಮಧ್ಯೆ ನಾನು ಮುಚ್ಚಳ ಎತ್ತಿ ನೋಡಲು ಹೋಗಿ ಬೈಸಿಕೊಂಡೆ.

ಅವರೇ ಒಂದು ಪ್ರಶ್ನೆ ಕೇಳಿದರು. "ಆ ಹೆಂಗಸು ಮೂರು ಅಳತೆ ಅಂದರೆ ಎಷ್ಟು ಹಿಟ್ಟು ಕಲಸಿದ್ದು?" ನಾನು ಅದನ್ನು ಲೆಕ್ಕ ಹಾಕಿರಲಿಲ್ಲ. ಆ ಕಾಲದ ಒಂದು ಅಳತೆ ಸುಮಾರು 13 ಲೀಟರ್. ಮೂರು ಅಂದರೆ ಹೆಚ್ಚುಕಡಿಮೆ 40 ಲೀಟರ್ ಹಿಟ್ಟು. "ಹಾಗಾದರೆ ಅದು ಮನೆ ಊಟ ಅಲ್ಲ, ಮದುವೆ ಅಡಿಗೆ" ಎಂದರು ಬಾಯಿ. ಯೇಸು ಹೇಳಿದ ಹೆಂಗಸನ್ನು ನಾನು ಒಂದು ಮೂಲೆಯಲ್ಲಿ ಒಂದು ಚಿಕ್ಕ ಪಾತ್ರೆ ಹಿಡಿದವಳು ಅಂತ ಚಿತ್ರಿಸಿಕೊಂಡಿದ್ದೆ. ಅವಳು ತೋಳು ಮೇಲೇರಿಸಿ ಊರಿಗೇ ರೊಟ್ಟಿ ಮಾಡಲು ಹೊರಟವಳು. ಅಡಿಗೆ ಮಾಡುವವರಿಗೆ ಮಾತ್ರ ಹೊಳೆಯುವ ಸಂಗತಿ ಇದು.

ಆ ಭಾನುವಾರ ಒಂದು ಸಣ್ಣ ಬಾಟ್ಲಿ ಕಳ್ಳು ಸಂಡೇ ಸ್ಕೂಲಿಗೆ ತೆಗೆದುಕೊಂಡು ಹೋದೆ, ಮಕ್ಕಳಿಗೆ ನೊರೆ ತೋರಿಸಲಿಕ್ಕೆ. ಸಂಜೆ ನಾಲ್ಕು ಮನೆಗಳಿಂದ ಫೋನು. ಅದರ ವಿವರ ಬೇಡ.

ಇನ್ನು ಹಂಚಿನ ಪುಟ. ನನಗೆ ಅತಿ ಪ್ರಿಯವಾದದ್ದು ಅದು. ಅದೇ ನನ್ನನ್ನು ಬೀಳಿಸಿದ್ದೂ ಹೌದು.

ನನ್ನ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಮ್ಮಲ್ಲಿ ಎಷ್ಟೋ ಮನೆಯ ಕತೆ ಅದೇ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1865ರಲ್ಲಿ ಮಿಶನಿನ ಪ್ಲೆಬ್ಸ್ಟ್ ಅನ್ನುವವರು ಇಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಕ್ರೈಸ್ತರಾಗಿ ಮನೆ, ಜಾತಿ, ಕಸುಬು ಬಿಟ್ಟು ಬಂದವರಿಗೆ ಒಂದು ಕೆಲಸ ಬೇಕಿತ್ತು. ನೇತ್ರಾವತಿ, ಗುರುಪುರ ಹೊಳೆಗಳ ದಡದಲ್ಲಿ ಒಳ್ಳೆ ಜೇಡಿಮಣ್ಣು ಇತ್ತು. ಹಾಗೆ ನಮ್ಮ ಹಿರಿಯರಲ್ಲಿ ಹಲವರು ವಾರದಲ್ಲಿ ಆರು ದಿನ ಮಣ್ಣಿನಲ್ಲಿ, ಏಳನೇ ದಿನ ದೇವಾಲಯದಲ್ಲಿ.

ಅಜ್ಜ ತೀರಿಹೋಗಿ ತುಂಬಾ ವರ್ಷ ಆಯಿತು. ಅವರು ಹೇಳುತ್ತಿದ್ದದ್ದನ್ನು ನೆನಪಿನಿಂದ ಎಡಗಡೆ ಬರೆದೆ. ಮಣ್ಣನ್ನು ತಂದ ಕೂಡಲೇ ಮುಟ್ಟುವ ಹಾಗಿಲ್ಲ, ರಾಶಿ ಹಾಕಿ ಹದ ಬರಲು ಬಿಡಬೇಕು. ಯಂತ್ರದಲ್ಲಿ ನಾದಿ, ಅಚ್ಚಿನಲ್ಲಿ ಒತ್ತಿ, ಅಂಚು ಕೊಯ್ದು, ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ಇಟ್ಟರೆ ಬಿರುಕು. ಒಣಗುವಾಗ ಹಂಚು ಬಿರಿದರೆ ಚಿಂತೆ ಇಲ್ಲ, ನೀರು ಹಾಕಿ ಮತ್ತೆ ಯಂತ್ರಕ್ಕೆ. ಆದರೆ ಭಟ್ಟಿಯಿಂದ ಹೊರಬಂದ ಮೇಲೆ ಬಿರಿದರೆ ಮುಗಿಯಿತು. ಅದು ಮತ್ತೆ ಮಣ್ಣಾಗುವುದಿಲ್ಲ. ಎಷ್ಟು ನೀರು ಹಾಕಿದರೂ ಇಲ್ಲ.

ಬಲಗಡೆ ಎಂಟು ತಿಂಗಳು ಖಾಲಿ ಇತ್ತು. ಕುಂಬಾರನ ಮನೆ ಎಂದ ಕೂಡಲೇ ಎಲ್ಲರೂ ಪ್ರವಾದಿ ಯೆರೆಮೀಯನ ಪುಸ್ತಕದ 18ನೇ ಅಧ್ಯಾಯ ಎನ್ನುತ್ತಾರೆ. ಪಾತ್ರೆ ಕೆಟ್ಟುಹೋಯಿತು, ಕುಂಬಾರ ಅದೇ ಮಣ್ಣಿನಿಂದ ಇನ್ನೊಂದು ಮಾಡಿದ. ಅದು ನನಗೂ ಗೊತ್ತಿತ್ತು. ಒಂದು ಬೆಳಗ್ಗೆ ಓದುತ್ತಾ ಓದುತ್ತಾ ನಿಲ್ಲಿಸದೆ 19ಕ್ಕೆ ಹೋದೆ. ಅಲ್ಲಿ ದೇವರು ಯೆರೆಮೀಯನಿಗೆ ಸುಟ್ಟ ಕೂಜೆ ಕೊಳ್ಳಲು ಹೇಳುತ್ತಾನೆ. ಹಿನ್ನೋಮ್ ಕಣಿವೆಯಲ್ಲಿ ಹಿರಿಯರ ಕಣ್ಣೆದುರು ಒಡೆದುಹಾಕು, ಇದನ್ನು ಮತ್ತೆ ಸರಿಮಾಡಲು ಆಗುವುದಿಲ್ಲ ಅಂತ ಹೇಳು ಎನ್ನುತ್ತಾನೆ. 18ರಲ್ಲಿ ಹಸಿ ಮಣ್ಣು. 19ರಲ್ಲಿ ಸುಟ್ಟ ಮಣ್ಣು. ಅಜ್ಜನ ಎರಡು ಬಿರುಕುಗಳು, ಅಕ್ಕಪಕ್ಕದ ಅಧ್ಯಾಯಗಳಲ್ಲಿ. ಓದಿ ಮೈ ಜುಮ್ಮೆಂದಿತು. ಎಷ್ಟೋ ಪ್ರಸಂಗ ಕೇಳಿದ್ದೇನೆ, ಆದರೆ ಈ ಎರಡನ್ನು ಜೋಡಿಸಿಕೊಟ್ಟದ್ದು ಹಂಚಿನ ಕೆಲಸದವರು.

ಅಜ್ಜ ಇನ್ನೊಂದು ಮಾತು ಹೇಳುತ್ತಿದ್ದರು. ಒಡೆದ ಹಂಚನ್ನು ಎಸೆಯುತ್ತಿರಲಿಲ್ಲ. ಪುಡಿ ಮಾಡಿ ಚಿಪ್ಪಿನ ಸುಣ್ಣದ ಜೊತೆ ಸೇರಿಸಿದರೆ ಗಾರೆ. ಆ ಸುರ್ಕಿ ಗಾರೆ ನೀರಿನಲ್ಲೂ ಗಟ್ಟಿಯಾಗುತ್ತದೆ. ಬರೀ ಸುಣ್ಣಕ್ಕೆ ಆ ಗುಣ ಇಲ್ಲ, ಹಸಿ ಮಣ್ಣಿಗೂ ಇಲ್ಲ. ಸುಟ್ಟ ಮಣ್ಣಿಗೆ ಮಾತ್ರ. ಹಂಚಾಗಿ ಮತ್ತೆ ಮಾಡಿನ ಮೇಲೆ ಏರದಿದ್ದರೂ ಗೋಡೆಯ ಒಳಗೆ ಕಲ್ಲಿಗೆ ಕಲ್ಲು ಹಿಡಿಸುತ್ತದೆ. ಇದನ್ನು ಬಲಗಡೆ ಬರೆದಾಗ ನನಗೆ ನಾನೇ ಶಹಭಾಸ್ ಹೇಳಿಕೊಂಡೆ. ಸಂಡೇ ಸ್ಕೂಲಿನಲ್ಲಿ ಹೇಳಿದೆ, ಸ್ತ್ರೀಯರ ಕೂಟದಲ್ಲಿ ಹೇಳಿದೆ. ಎಲ್ಲರೂ ಮೆಚ್ಚಿದರು.

ಆ ವರ್ಷ ಮಳೆಗಾಲದಲ್ಲಿ ನಮ್ಮ ಬೀದಿಯ ಒಂದು ಮನೆಯ ಹುಡುಗ ಬೈಕಿನಿಂದ ಬಿದ್ದು ತೀರಿಕೊಂಡ. ಇಪ್ಪತ್ತೆರಡು ವರ್ಷ. ನನ್ನ ಕೈಯಲ್ಲೇ ಕಲಿತವನು. ಮೂರನೇ ದಿನ ಹೋದೆ. ಅವನ ಅಪ್ಪ ಜಗಲಿಯಲ್ಲಿ ಕೂತಿದ್ದರು. ಏನಾದರೂ ಹೇಳಬೇಕು ಅನ್ನಿಸಿತು. ನನ್ನ ಹತ್ತಿರ ಒಳ್ಳೆಯದು ಅಂತ ಇದ್ದದ್ದು ಅದೊಂದೇ. ಒಡೆದ ಹಂಚು, ಗಾರೆ, ಗೋಡೆ, ಎಲ್ಲ ಹೇಳಿದೆ.

ಅವರು ಪೂರ್ತಿ ಕೇಳಿದರು. "ನನ್ನ ಮಗ ಹಂಚಲ್ಲ ಟೀಚರ್" ಎಂದು ಎದ್ದು ಒಳಗೆ ಹೋದರು.

ತುಂಬಾ ದಿನ ನಾನು ಪುಸ್ತಕ ಮುಟ್ಟಲಿಲ್ಲ. ಅವರು ಹೇಳಿದ್ದು ಸರಿ. ಪಾಠದಲ್ಲಿ ತಪ್ಪು ಇರಲಿಲ್ಲ. ಆದರೆ ನನ್ನ ನೋಟ್‌ಬುಕ್ಕಿನ ಬಲಗಡೆಯನ್ನು ಅವರ ಎಡಗಡೆಯ ಪುಟದ ಎದುರು ಅಂಟಿಸಲು ಹೋಗಿದ್ದೆ. ಅದೂ ಮೂರೇ ದಿನಕ್ಕೆ. ನನಗೇ ನಾನು ಹಾಕಿಕೊಂಡ ಕಟ್ಟನ್ನು ಇನ್ನೊಬ್ಬರ ಮನೆಯಲ್ಲಿ ಮುರಿದಿದ್ದೆ. ಸತ್ಯವೇದದಲ್ಲಿ ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಗೆಳೆಯರ ಬಗ್ಗೆ ನಾವೆಲ್ಲ ಹಗುರವಾಗಿ ಮಾತಾಡುತ್ತೇವೆ. ಆದರೆ ಅವರು ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಒಂದು ಮಾತೂ ಆಡದೆ ಕೂತಿದ್ದರು. ಕೆಟ್ಟದ್ದು ಬಾಯಿ ತೆರೆದ ಮೇಲೆ. ನನಗೆ ಏಳು ನಿಮಿಷ ಕೂರಲು ಆಗಲಿಲ್ಲ.

ಆಗ 88ನೇ ಕೀರ್ತನೆಯನ್ನು ಮತ್ತೆ ಮತ್ತೆ ಓದಿದೆ. ಉಳಿದ ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಬಂದಾಗ ಎಲ್ಲೋ ಒಂದು ಕಡೆ ತಿರುಗುತ್ತವೆ, ಆದರೂ ನಿನ್ನನ್ನು ಸ್ತುತಿಸುವೆನು ಅಂತ. ಇದು ತಿರುಗುವುದಿಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ, ಕೊನೆಗೆ ಒಂದು ಒಳ್ಳೆ ಮಾತು ಸೇರಿಸಲೂ ಇಲ್ಲ. ಬಲಗಡೆ ಖಾಲಿ ಬಿಟ್ಟ ಪುಟ ಅಲ್ಲೂ ಇದೆ ಅನ್ನಿಸಿತು.

ಎರಡು ವಾರ ಬಿಟ್ಟು ಆ ಮನೆಗೆ ಹಿತ್ತಲ ಕಡೆಯಿಂದ ಹೋದೆ. ಹುಡುಗನ ತಾಯಿ ಬೂತಾಯಿ ಮೀನು ಕೊಯ್ಯುತ್ತಿದ್ದರು. ಇನ್ನೊಂದು ಕತ್ತಿ ತೆಗೆದುಕೊಂಡು ಪಕ್ಕದಲ್ಲಿ ಕೂತೆ. ಆ ದಿನದ ಪುಟ ನಾಲ್ಕನೇ ಪುಸ್ತಕದಲ್ಲಿ ಇದೆ. "ಬೂತಾಯಿ ಒಂದು ಕಿಲೋ. ಇಬ್ಬರೂ ಮಾತಾಡಲಿಲ್ಲ. ಬೆಕ್ಕು ಬಂದು ತಲೆಗಳನ್ನು ತಿಂದಿತು." ಅಷ್ಟೇ. ಅದರ ಬಲಗಡೆ ಏನೂ ಇಲ್ಲ. ಬರೆಯುವ ಮನಸ್ಸೂ ಇಲ್ಲ.

ಮಕ್ಕಳ ಕೈಯಲ್ಲೂ ಈಗ ಪುಸ್ತಕ ಕೊಟ್ಟಿದ್ದೇನೆ. ಪಾಠ ಕಟ್ಟುವುದರಲ್ಲಿ ಅವರು ನನಗಿಂತ ಚುರುಕು, ಆದ್ದರಿಂದ ಅವರಿಗೆ ಕಟ್ಟು ಇನ್ನೂ ಬಿಗಿ. ಎಡಗಡೆ ತುಂಬದೆ ಬಲಗಡೆ ಬರೆದರೆ ನಾನು ಓದುವುದಿಲ್ಲ. ಗಿಡುಗ ನಲವತ್ತು ವರ್ಷಕ್ಕೆ ಬಂಡೆಗೆ ಕೊಕ್ಕು ಕುಟ್ಟಿ ಉದುರಿಸಿಕೊಂಡು ಹೊಸದಾಗುತ್ತದೆ ಅನ್ನುವ ಕತೆಯನ್ನು ಒಬ್ಬ ಹುಡುಗ, ಹದ್ದುಗಳಂತೆ ರೆಕ್ಕೆ ಚಾಚಿ ಏರುವರು ಅನ್ನುವ ಯೆಶಾಯ 40ರ ಮಾತಿನ ಜೊತೆ ತಂದಿದ್ದ. ವಾಟ್ಸಾಪ್ ಕೃಪೆ. ನೀನು ಕಣ್ಣಾರೆ ನೋಡಿದ್ದೀಯಾ ಅಂದೆ. ಇಲ್ಲ. ನೋಡಿದವರನ್ನು ಕೇಳಿದ್ದೀಯಾ? ಇಲ್ಲ. ಕೊಕ್ಕು ಇಲ್ಲದ ಹಕ್ಕಿ ಏನು ತಿನ್ನುತ್ತದೆ ಮಾರಾಯ, ಉಪವಾಸ ಸಾಯುವುದಿಲ್ಲವಾ? ಅವನೇ ನಗಾಡಿ ಪುಟ ಹರಿದ. ಮುಂದಿನ ವಾರ ಮೀನಿನ ಬಂದರಿನಲ್ಲಿ ತಿರುಗುವ ಗರುಡಗಳನ್ನು ನೋಡಿ ಬಂದ. ರೆಕ್ಕೆ ಬಡಿಯದೆ ಸುಮ್ನೆ ಸುತ್ತು ಹಾಕುತ್ತಾ ಮೇಲೆ ಹೋಗುತ್ತವೆ, ಹೇಗೆ ಟೀಚರ್ ಅಂತ ಕೇಳಿದ. ಬಿಸಿ ಗಾಳಿ ಮೇಲೇಳುವುದನ್ನು ಅವನ ವಿಜ್ಞಾನ ಟೀಚರ್ ವಿವರಿಸಿದರಂತೆ. ಎಡಗಡೆಯ ಪುಟ ತುಂಬಿತು.

ಹೋದ ಭಾನುವಾರ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಬರೆದುಕೊಂಡು ಬಂದಳು. "ಜೋರು ಮಳೆ ಬಂದರೆ ನಮ್ಮ ಬಾವಿ ನೀರು ಕೆಂಪಾಗುತ್ತದೆ. ಕಲಕದೆ ಬಿಟ್ಟರೆ ನಾಲ್ಕು ದಿನದಲ್ಲಿ ಮತ್ತೆ ತಿಳಿಯಾಗುತ್ತದೆ. ಅಲ್ಲಿವರೆಗೆ ಅಜ್ಜಿ ಕೊಡಪಾನ ಇಳಿಸಲು ಬಿಡುವುದಿಲ್ಲ. ಪಕ್ಕದ ಮನೆಯಿಂದ ನೀರು ತರುತ್ತೇವೆ."

"ಬಲಗಡೆ ಏನು ಬರೆಯಲಿ?" ಎಂದಳು.

ಪಕ್ಕದ ಮನೆಯ ಬಾವಿ ಯಾಕೆ ಕೆಂಪಾಗುವುದಿಲ್ಲ ಅಂತ ಕೇಳಿಕೊಂಡು ಬಾ ಎಂದೆ.