ಸಿಂಪ್ಸನ್ಸ್ ಶೀಟ್ ಕೊನೆಗೂ ಕೈಹಿಡಿಯಿತು

ಹೋದ ತಿಂಗಳು ನಮ್ಮ ಕ್ವಿಜ್ ಬಳಗದಲ್ಲಿ ‘ದ ಸಿಂಪ್ಸನ್ಸ್’ ಮೇಲೆ 40 ಪ್ರಶ್ನೆ ಕೇಳಿದೆ. ಹೋಮರ್, ಮಾರ್ಜ್ ಅನ್ನುವ ಗಂಡ ಹೆಂಡತಿ, ಮಕ್ಕಳಾದ ಬಾರ್ಟ್, ಲೀಸಾ, ಕೂಸು ಮ್ಯಾಗಿ ಇರುವ ಅಮೆರಿಕದ ಕಾರ್ಟೂನ್ ಧಾರಾವಾಹಿ ಅದು. ಒಂದಕ್ಕೂ ತಕರಾರು ಬರಲಿಲ್ಲ. ಎಲ್ಲವೂ ಬಂದದ್ದು ನನ್ನ ಶೀಟಿನಿಂದ: ಪ್ರತಿ ಎಪಿಸೋಡಿನ ಸಣ್ಣಪುಟ್ಟ ವಿವರ, ರೆಫರೆನ್ಸ್, ತಪ್ಪುಗಳನ್ನು ಬರೆದಿಡುವ ಎಕ್ಸೆಲ್ ಫೈಲ್. ಕ್ವಿಜ್ ನಡೆಸಿದವರಿಗೆ ಇದು ಎಷ್ಟು ಕಷ್ಟ ಅಂತ ಗೊತ್ತು. “ಕಾರ್ಟೂನಿಗೆ ಎಕ್ಸೆಲ್ ಶೀಟಾ? ಮುಗಿಯೋ ಕೆಲಸಾನಾ ಇದು?” ಅಂತ ವರ್ಷಗಟ್ಟಲೆ ಕೇಳಿದ ಗೆಳೆಯನೇ ಅವತ್ತು ಬಂದು ಫೈಲ್ ಕೇಳಿದ. ಫೈಲ್ ಕೊಡಲ್ಲ. ಹೇಗೆ ಮಾಡಿದೆ ಅಂತ ಮಾತ್ರ ಹೇಳುತ್ತೇನೆ.

ಮೊದಲು ಸೋತ ಕಥೆ. 2018ರ ಸುಮಾರಿಗೆ ಒಂದು ಪ್ರಶ್ನೆ ಹಾಕಿದ್ದೆ. ಶುರುವಿನ ಟೈಟಲ್‌ನಲ್ಲಿ ಕ್ಯಾಷಿಯರ್ ಸಾಮಾನಿನ ಜೊತೆ ಮ್ಯಾಗಿಯನ್ನೂ ಸ್ಕ್ಯಾನ್ ಮಾಡುತ್ತಾಳಲ್ಲ, ಆಗ ಮಷೀನಿನಲ್ಲಿ ಏನು ಕಾಣುತ್ತದೆ? ನನ್ನ ಉತ್ತರ ‘ಎನ್‌ಆರ್‌ಎ4ಎವರ್’, ಅಂದರೆ ಅಮೆರಿಕದ ಬಂದೂಕು ಸಂಘ ಎನ್‌ಆರ್‌ಎಗೆ ಜೈಕಾರ. 1995ರ 138ನೇ ಎಪಿಸೋಡ್ ಸ್ಪೆಷಲ್‌ನಲ್ಲಿ ಅವರೇ ಹಾಗೆ ಹೇಳಿದ್ದಾರೆ, ಇನ್ನೇನು ಬೇಕು ಅಂದುಕೊಂಡಿದ್ದೆ. ಹಿಂದಿನ ಸಾಲಿನಿಂದ ಕಾಲೇಜು ಹುಡುಗಿಯೊಬ್ಬಳು ಎದ್ದು, “ಸರ್, ಅದು 847.63” ಅಂದಳು. ಲ್ಯಾಪ್‌ಟಾಪ್ ತೆಗೆದು ಫ್ರೇಮ್ ನಿಲ್ಲಿಸಿ ನೋಡಿದೆವು. ಅವಳು ಹೇಳಿದ್ದೇ ಸರಿ. ಅಮೆರಿಕದಲ್ಲಿ ಮಗು ಸಾಕಲು ತಿಂಗಳಿಗೆ ಇಷ್ಟು ಡಾಲರ್ ಆಗುತ್ತದೆ ಅಂತ ಟೈಟಲ್ ಮಾಡಿದ ಕಾಲದಲ್ಲಿ ಹೇಳುತ್ತಿದ್ದ ಮೊತ್ತ ಅದು. ಸ್ಪೆಷಲ್‌ನಲ್ಲಿ ಹೇಳಿದ್ದು ಬರೀ ತಮಾಷೆ. ಅವತ್ತೇ ನಿಯಮ ಮಾಡಿಕೊಂಡೆ: ಫ್ರೇಮ್ ಕಣ್ಣಾರೆ ನೋಡದೆ ಶೀಟಿಗೆ ಒಂದು ಸಾಲೂ ಹೋಗಬಾರದು.

ಎರಡನೇ ಏಟು ಇನ್ನೂ ಜೋರಾಗಿ ಬಿತ್ತು. ಸುಲಭ ಅಂತ ಸ್ಟ್ರೀಮಿಂಗ್‌ನಲ್ಲಿ ನೋಡುತ್ತಾ ಹೋದೆ. ಆರೇಳು ತಿಂಗಳು, ದಿನಾ ರಾತ್ರಿ, ನೂರಿಪ್ಪತ್ತು ಎಪಿಸೋಡ್ ಆಗಿರಬಹುದು. ಆಮೇಲೆ ಗೊತ್ತಾಯಿತು, ಹಳೆಯ ಚೌಕಾಕಾರದ ಚಿತ್ರವನ್ನು ಅಗಲ ಪರದೆಗೆ ಹೊಂದಿಸಲು ಮೇಲೆ ಕೆಳಗೆ ಕತ್ತರಿಸಿದ್ದರು. ‘ಡಫ್‌ಲೆಸ್’ ಎಪಿಸೋಡಿನ ಬಿಯರ್ ಕಾರ್ಖಾನೆ ನೆನಪಿದೆಯಾ? ಡಫ್, ಡಫ್ ಲೈಟ್, ಡಫ್ ಡ್ರೈ ಮೂರಕ್ಕೂ ಮೇಲಿನ ಒಂದೇ ಪೈಪಿನಿಂದ ಬಿಯರ್ ಬರುತ್ತದೆ. ಜೋಕೇ ಆ ಪೈಪು. ನಾನು ನೋಡಿದ್ದರಲ್ಲಿ ಪೈಪೇ ಇರಲಿಲ್ಲ. 2020ರಲ್ಲಿ ಮೂಲ ಅಳತೆ ವಾಪಸ್ ಬಂತು ನಿಜ, ಆದರೆ ನನ್ನ ಅಷ್ಟೂ ಕೆಲಸ ನೀರಲ್ಲಿ ಹೋಮ ಆಗಿತ್ತು.

ಹಾಗಾಗಿ ಡಿವಿಡಿಗೆ ಹೋದೆ. ಅಮೆರಿಕದಲ್ಲಿರುವ ಅಕ್ಕನ ಮಗ ಬರುವಾಗೆಲ್ಲ ಎರಡೆರಡು ಸೆಕೆಂಡ್‌ಹ್ಯಾಂಡ್ ಸೆಟ್ ತಂದುಕೊಟ್ಟ. ಒಂದೊಂದು ಸಾವಿರದ ಐನೂರರ ಆಸುಪಾಸು. ಮನೆಯ ಪ್ಲೇಯರ್‌ನಲ್ಲಿ ಅಮೆರಿಕದ ಕಡೆಗೆಂದು ಮಾಡಿದ ರೀಜನ್ 1 ಡಿಸ್ಕ್ ಓಡಲೇ ಇಲ್ಲ. ಎಲ್ಲಾ ರೀಜನ್ ಓಡುವ ಪ್ಲೇಯರ್‌ಗೆ ಮತ್ತೆ ಮೂರೂವರೆ ಸಾವಿರ. ಹಾರ್ಡ್ ಡಿಸ್ಕ್, ಅದು ಇದು ಸೇರಿ ಒಟ್ಟು 26-27 ಸಾವಿರ ಹೋಗಿರಬೇಕು.

ಕೆಲಸ ದಡ ಮುಟ್ಟಿದ್ದು ಪ್ರಸಾರದ ದಿನಾಂಕ ಬಿಟ್ಟು ಪ್ರೊಡಕ್ಷನ್ ಕೋಡ್, ಅಂದರೆ ತಯಾರಿಕೆಯ ಸಾಲಿನ ಸಂಖ್ಯೆ, ಪ್ರಕಾರ ಜೋಡಿಸಿದ ಮೇಲೆ. 1989ರ ಡಿಸೆಂಬರ್ 17ರಂದು ಎಲ್ಲಕ್ಕಿಂತ ಮೊದಲು ಪ್ರಸಾರವಾದ ಕ್ರಿಸ್‌ಮಸ್ ಎಪಿಸೋಡಿನ ಕೋಡ್ 7ಜಿ08. ನಿಜವಾದ ಮೊದಲನೆಯದು, 7ಜಿ01, ಪ್ರಸಾರವಾಗಿದ್ದು 1990ರ ಮೇನಲ್ಲಿ, ಸೀಸನ್ನಿನ ಕೊನೆಗೆ. ಅದರ ಅನಿಮೇಷನ್ ಕೆಟ್ಟು ಬಂದು ಬಹುಪಾಲು ಮತ್ತೆ ಮಾಡಬೇಕಾಯಿತು. ಕೋಡ್ ಸಾಲಿನಲ್ಲಿ ನೋಡಿದರೆ ಚಿತ್ರ ಹೇಗೆ ಒಂದು ಹದಕ್ಕೆ ಬಂತು ಅಂತ ಗೊತ್ತಾಗುತ್ತದೆ. ಅಣುಸ್ಥಾವರದ ಮಾಲೀಕನ ಸಹಾಯಕ ಸ್ಮಿದರ್ಸ್‌ನ ಮೈಬಣ್ಣ 7ಜಿ03ರಲ್ಲಿ ಕಪ್ಪು, 7ಜಿ04ರಲ್ಲಿ ಹಳದಿ. ಅದು ಬಣ್ಣ ಹಚ್ಚಿದವರ ತಪ್ಪು, ಕಥೆಯದ್ದಲ್ಲ. ಮೊದಲ ಸೀಸನ್ನಿನಲ್ಲಿ ಹೋಮರ್‌ನ ಗೆಳೆಯ ಬಾರ್ನಿಯ ಕೂದಲು ಹಳದಿ ಇದ್ದದ್ದು ಆಮೇಲೆ ಕಂದು ಆಯಿತು. ಇವನ್ನೂ ಕಥೆಯ ತಪ್ಪನ್ನೂ ಒಂದೇ ಕಾಲಮ್ಮಿಗೆ ಹಾಕಿದ್ದೇ ನನ್ನ ಹಳೆಯ ಶೀಟ್ ಗೋಜಲಾಗಲು ಕಾರಣ.

ಕಥೆಯ ಅಡ್ಡಾದಿಡ್ಡಿಗೆ ಬೇರೆ ಕಾಲಮ್. ‘ದ ವೇ ವಿ ವಾಸ್’ ಪ್ರಕಾರ ಹೋಮರ್-ಮಾರ್ಜ್ ಭೇಟಿ ಆಗಿದ್ದು 1974ರಲ್ಲಿ, ಹೈಸ್ಕೂಲಿನಲ್ಲಿ. 2008ರ ‘ದಟ್ ನೈಂಟೀಸ್ ಶೋ’ ನೋಡಿದರೆ ತೊಂಬತ್ತರ ದಶಕದಲ್ಲೂ ಅವರಿಗೆ ಮಕ್ಕಳೇ ಇಲ್ಲ! ಆದರೆ ಬಾರ್ಟ್‌ಗೆ ಯಾವತ್ತೂ ಹತ್ತೇ ವರ್ಷ ಅನ್ನುವುದನ್ನು ನಾನು ತಪ್ಪು ಅಂತ ಬರೆಯಲ್ಲ. ಅದು ಧಾರಾವಾಹಿ ನಿಂತಿರುವ ನೆಲ.

ಪ್ರತಿ ಎಪಿಸೋಡನ್ನೂ ಎರಡು ಸಲ ನೋಡುತ್ತೇನೆ. ಒಮ್ಮೆ ಮ್ಯೂಟ್ ಮಾಡಿ, ಇನ್ನೊಮ್ಮೆ ಪರದೆಗೆ ಬೆನ್ನು ಹಾಕಿ ಕೇಳುತ್ತಾ. ‘ಕ್ರಸ್ಟಿ ಗೆಟ್ಸ್ ಬಸ್ಟೆಡ್’ನಲ್ಲಿ ಕೈದಿಯ ಫೋಟೊದ ನಂಬರ್ ಎ113 ಅನ್ನುವುದು ಮ್ಯೂಟ್‌ನಲ್ಲೇ ಕಣ್ಣಿಗೆ ಬಿತ್ತು. ಅದು ಕ್ಯಾಲಿಫೋರ್ನಿಯಾದ ಕ್ಯಾಲ್‌ಆರ್ಟ್ಸ್ ಕಾಲೇಜಿನ ಅನಿಮೇಷನ್ ತರಗತಿಯ ಕೋಣೆ ಸಂಖ್ಯೆ. ಎಪಿಸೋಡ್ ನಿರ್ದೇಶಿಸಿದ ಬ್ರ್ಯಾಡ್ ಬರ್ಡ್ ಓದಿದ್ದು ಅಲ್ಲೇ. ಇನ್ನು 1950ಕ್ಕಿಂತ ಹಳೆಯ ಹಾಡುಗಳ ರೆಫರೆನ್ಸ್ ಹಿಡಿಯಲು ನನ್ನದೇ ಒಂದು ದಾರಿ ಇದೆ. ಮುಂದಿನ ಕ್ವಿಜ್ ಮುಗಿಯುವವರೆಗೆ ಅದನ್ನು ಹೇಳಲ್ಲ.

ಮಧ್ಯೆ ಒಂದು ವಾರ ಬೇರೆ ಹುಚ್ಚು ಹಿಡಿಯಿತು. 1995ರ ‘ಲೀಸಾ ದ ವೆಜಿಟೇರಿಯನ್’ ಕೊನೆಯಲ್ಲಿ ಪಾಲ್ ಮೆಕಾರ್ಟ್ನಿ ಹಾಡು ಬರುತ್ತದಲ್ಲ, ಆ ಆಡಿಯೊ ಕತ್ತರಿಸಿ ಹಿಂದುಮುಂದಾಗಿ ಓಡಿಸಿದೆ. ಮೂರು ಸಲ ಬರೀ ಗೊರಗೊರ. ಹೆಡ್‌ಫೋನ್ ಹಾಕಿ ಸಂಗೀತದ ಸದ್ದು ಇಳಿಸಿದಾಗ ಅವರದ್ದೇ ದನಿ ಕೇಳಿಸಿತು. ಬೇಳೆ ಸೂಪು ಮಾಡುವ ಬಗೆ ಹೇಳುತ್ತಿದ್ದರು! ಮೈ ಜುಮ್ ಅಂತು. ಲೀಸಾ ಮತ್ತೆ ಮಾಂಸ ತಿನ್ನಬಾರದು ಅಂತ ಷರತ್ತು ಹಾಕಿಯೇ ಅವರು ಒಪ್ಪಿದ್ದು. ಆ ಮಾತನ್ನು ಧಾರಾವಾಹಿ ಉಳಿಸಿಕೊಂಡಿದೆ.

ನಮ್ಮ ಊರಿನ ಎಪಿಸೋಡ್ ಬಗ್ಗೆ ಜಗಳವೇ ಆಗಿತ್ತು. 2006ರ ‘ಕಿಸ್ ಕಿಸ್, ಬ್ಯಾಂಗ್ ಬ್ಯಾಂಗಲೋರ್’ನಲ್ಲಿ ಹೋಮರ್ ದುಡಿಯುವ ಅಣುಸ್ಥಾವರದ ಕೆಲಸ ಬೆಂಗಳೂರಿಗೆ ಬರುತ್ತದೆ. ಧಾರಾವಾಹಿಯ ಭಾರತೀಯ ಅಂಗಡಿಯವ ಅಪು, ಅವನ ಕಸಿನ್ ಕವಿ ಇಲ್ಲಿ ಕಾಲ್ ಸೆಂಟರ್‌ನಲ್ಲಿರುತ್ತಾನೆ. “ಅಪು ಬಂಗಾಳಿ, ಹೆಸರೇ ಸತ್ಯಜಿತ್ ರೇ ಸಿನಿಮಾದ್ದು. ಕಸಿನ್ ಬೆಂಗಳೂರಲ್ಲಿ ಹೇಗೆ? ತಪ್ಪು ಅಂತ ಬರಿ” ಅಂತ ಗೆಳೆಯ ಹಟ ಹಿಡಿದ. ನಾನು ಬರೆಯಲಿಲ್ಲ. ನಮ್ಮ ಆಫೀಸಿನ ನನ್ನ ಸಾಲಿನಲ್ಲೇ ಮೂವರು ಕೋಲ್ಕತ್ತದವರಿದ್ದಾರೆ.

ಈಗ 2009ರಿಂದ ಬಂದ ಎಚ್‌ಡಿ ಟೈಟಲ್ ಹಿಡಿದಿದ್ದೇನೆ. ಅಲ್ಲಿ ಬಿಲ್ಲೇ ಬೇರೆ. 243.26 ಇದ್ದದ್ದು ಮ್ಯಾಗಿಯನ್ನು ಸ್ಕ್ಯಾನ್ ಮಾಡಿದ ಕೂಡಲೇ 486.52, ಸರಿಯಾಗಿ ಎರಡರಷ್ಟು. ಫ್ರೇಮ್ ನಿಲ್ಲಿಸಿ ನೋಡಿಯೇ ಬರೆದುಕೊಂಡೆ.