ಒಂದು ಲೀಟರ್ ಐಸ್‌ಕ್ರೀಮ್ ಎಷ್ಟು ಗ್ರಾಂ?

ಬದಿಯಡ್ಕ, ಕುಂಬಳೆ ಕಡೆಯಿಂದ ಮದುವೆಗೆ ಐಸ್‌ಕ್ರೀಮ್ ಹೇಳಲು ಬರುವವರ ಮೊದಲ ಪ್ರಶ್ನೆ ಹೆಚ್ಚಾಗಿ ಇದೇ: "ನಾಲ್ಕು ಲೀಟರಿನ ಡಬ್ಬ ಅಂದ್ರೆ ನಾಲ್ಕು ಕಿಲೋ ಅಲ್ವಾ ಭಟ್ರೇ?" ಅಲ್ಲ. ಹಗುರ ಮಾಲಾದರೆ ಎರಡು ಕಿಲೋ ಚಿಲ್ಲರೆ, ನಾನು ಮಾಡುವುದು ಮೂರು ಕಿಲೋ ದಾಟುತ್ತದೆ. ವ್ಯತ್ಯಾಸವೆಲ್ಲ ಒಳಗಿರುವ ಗಾಳಿಯದು.

ಹಾಲು, ಕ್ರೀಮು, ಸಕ್ಕರೆ, ಹಾಲಿನ ಪುಡಿ ಸೇರಿದ ಮಿಕ್ಸ್ ಲೀಟರಿಗೆ ಸುಮಾರು 1,090 ಗ್ರಾಂ ತೂಗುತ್ತದೆ. ಯಂತ್ರದಲ್ಲಿ ತಿರುಗುವಾಗ ಗಾಳಿ ಹೊಕ್ಕು ಉಬ್ಬುತ್ತದೆ. ಇದಕ್ಕೆ ಓವರ್‌ರನ್ ಎನ್ನುತ್ತಾರೆ. 10 ಲೀಟರ್ ಮಿಕ್ಸ್ 14 ಲೀಟರ್ ಆದರೆ ಓವರ್‌ರನ್ ಶೇಕಡಾ 40. 1,090 ಅನ್ನು 1.4ರಿಂದ ಭಾಗಿಸಿದರೆ ಲೀಟರಿಗೆ 780 ಗ್ರಾಂ ಹತ್ತಿರ. ಶೇಕಡಾ 100 ಉಬ್ಬಿದರೆ 545. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಐಸ್‌ಕ್ರೀಮ್ ಲೀಟರಿಗೆ 525 ಗ್ರಾಂಗಿಂತ ಕಡಿಮೆ ತೂಗಬಾರದು. ಮಧ್ಯಮ ಮತ್ತು ಕಡಿಮೆ ಕೊಬ್ಬಿನದಕ್ಕೆ ಮಿತಿ 475. ಹಾಗಾಗಿ ಬೇರೆಯವರ ಕೋಷ್ಟಕ ನೋಡಿ ಲೀಟರನ್ನು ಕಿಲೋ ಮಾಡುವುದರಲ್ಲಿ ಅರ್ಥವಿಲ್ಲ. ನಿಮ್ಮ ಮಾಲನ್ನು ನೀವೇ ತೂಗಬೇಕು.

ತೂಗುವುದಕ್ಕೆ ಒಂದು ಸ್ಟೀಲ್ ಲೋಟ, ಒಂದು ಗ್ರಾಂ ತೋರಿಸುವ ತಕ್ಕಡಿ ಸಾಕು. ಖಾಲಿ ಲೋಟ ಇಟ್ಟು ಸೊನ್ನೆ ಮಾಡಿ, ಕಂಠಮಟ್ಟ ನೀರು ತುಂಬಿಸಿ. 310 ಗ್ರಾಂ ಬಂದರೆ ಲೋಟ 310 ಮಿಲಿ ಹಿಡಿಯುತ್ತದೆ. ನೀರು ಚೆಲ್ಲಿ, ಒರಸಿ, ಲೋಟವನ್ನು ಫ್ರೀಜರಿನಲ್ಲಿ ತಣ್ಣಗಾಗಿಸಿ. ಯಂತ್ರದಿಂದ ಮೆತ್ತಗೆ ಇಳಿಯುವಾಗಲೇ ಐಸ್‌ಕ್ರೀಮ್ ತುಂಬಿಸಿ, ಎರಡು ಸಲ ಮೇಜಿಗೆ ಕುಟ್ಟಿ, ಚೂರಿಯ ಬೆನ್ನಿನಿಂದ ಸಮ ಮಾಡಿ ತೂಗಿ. 242 ಗ್ರಾಂ ಬಂತೆನ್ನಿ: 242 ಭಾಗಿಸು 310, ಅಂದರೆ ಲೀಟರಿಗೆ 780. ಗಟ್ಟಿಯಾದ ಮೇಲೆ ತುಂಬಿಸಿದರೆ ಗೋಡೆಯ ಬದಿಯಲ್ಲಿ ಪೊಳ್ಳು ಉಳಿದು ತೂಕ ಕಡಿಮೆ ಬರುತ್ತದೆ. ನಮ್ಮ ಮಳೆಗಾಲದಲ್ಲಂತೂ ತಣ್ಣನೆಯ ಲೋಟದ ಹೊರಗೆ ನಿಮಿಷದಲ್ಲಿ ನೀರು ಕೂರುತ್ತದೆ. ಒರಸದೆ ತೂಗಿದರೆ ಮೂರು ನಾಲ್ಕು ಗ್ರಾಂ ಸುಮ್ಮನೆ ಹೆಚ್ಚು.

ಲೆಕ್ಕ ನಿಜವಾಗಿ ಕೈಕೊಡುವುದು ಬಡಿಸುವಾಗ. 300 ಜನ, 60 ಮಿಲಿಯ ಸ್ಕೂಪ್, ಒಟ್ಟು 18 ಲೀಟರ್, ಐದು ಡಬ್ಬ ಧಾರಾಳ ಎಂದು ಕಾಣುತ್ತದೆ. ಆದರೆ ಸ್ಕೂಪ್ ಒತ್ತಿದಾಗ ಗಾಳಿ ಹೊರಬೀಳುತ್ತದೆ, ಮೇಲೆ ಗುಮ್ಮಟವೂ ಏಳುತ್ತದೆ. ಲೀಟರಿಗೆ 550 ಗ್ರಾಂನ ಮಾಲಿನಲ್ಲಿ 60 ಮಿಲಿಗೆ 33 ಗ್ರಾಂ ಇರಬೇಕಾದದ್ದು, ಕೈಯಲ್ಲಿ ಬರುವುದು 45ರ ಸುತ್ತ. ಡಬ್ಬಕ್ಕೆ 2,200 ಗ್ರಾಂ. ಐದು ಡಬ್ಬದಲ್ಲಿ 244 ಸ್ಕೂಪ್ ಮಾತ್ರ. ಕೊನೆಯ ಹಂತಿಗೆ ಬಾಳೆಲೆ ಇರುತ್ತದೆ, ಐಸ್‌ಕ್ರೀಮ್ ಇರುವುದಿಲ್ಲ. 300 ಗುಣಿಸು 45, ಹದಿಮೂರೂವರೆ ಕಿಲೋ, ಆದ್ದರಿಂದ ಏಳು ಡಬ್ಬ. ಬಡಿಸುವವರ ಕೈಯಿಂದಲೇ ಹತ್ತು ಸ್ಕೂಪ್ ತೆಗೆಸಿ ತೂಗಿ ಸರಾಸರಿ ಹಿಡಿಯಿರಿ. ಒಬ್ಬೊಬ್ಬರ ಕೈ ಒಂದೊಂದು ತೂಕ.

ಬೊಂಡದ ಗಂಜಿ (ಎಳನೀರಿನ ತಿರುಳು), ಹಲಸಿನ ಸೊಳೆ ಚೂರುಗಳಲ್ಲಿ ಗಾಳಿಯಿಲ್ಲ, ಅದಕ್ಕೆ ಅವು ಬಿದ್ದ ಮಾಲು ಭಾರ. 780 ಗ್ರಾಂನ ಒಂದು ಲೀಟರಿಗೆ 150 ಗ್ರಾಂ ಚೂರು ಸೇರಿಸಿದರೆ ಲೀಟರಿಗೆ 810 ಆಗುತ್ತದೆ. ಓವರ್‌ರನ್ ನೋಡಬೇಕಾದದ್ದು ಚೂರು ಹಾಕುವ ಮೊದಲು.

ಮಿಕ್ಸ್ ಮಾಡುವಾಗ ಕುಡ್ತೆ, ಸೇರು ಬೇಡ. ಅವು ಮನೆಯಿಂದ ಮನೆಗೆ ಬೇರೆ. ಹಾಲು ಲೀಟರಿಗೆ 1,030 ಗ್ರಾಂ. ಸಕ್ಕರೆ 250 ಮಿಲಿ ಕಪ್ಪಿಗೆ 210ರ ಹತ್ತಿರ. ಹಾಲಿನ ಪುಡಿಯನ್ನು ಮಾತ್ರ ಎಂದೂ ಕಪ್ಪಿನಲ್ಲಿ ಅಳೆಯಬೇಡಿ: ಹಗುರಾಗಿ ಸುರಿದ ಕಪ್ಪಿಗೂ ಒತ್ತಿ ತುಂಬಿದ ಕಪ್ಪಿಗೂ ಹತ್ತಿಪ್ಪತ್ತು ಗ್ರಾಂ ಹೆಚ್ಚುಕಮ್ಮಿ, ಜಾಸ್ತಿಯಾದರೆ ನಾಲಿಗೆಗೆ ಮರಳು ಮರಳು.