ಹನ್ನೆರಡು ರಾಶಿ, ಹನ್ನೆರಡು ಕ್ರೋಶೆ ಗೊಂಬೆ

ರಾಶಿಗೊಂದು ಕ್ರೋಶೆ ಗೊಂಬೆ, ಅಂದರೆ ಕೊಕ್ಕೆ ತುದಿಯ ಕಡ್ಡಿಯಿಂದ ದಾರದಲ್ಲಿ ಹೆಣೆದ ಗೊಂಬೆ, ಮಾಡಬೇಕು ಎಂದು ಹೊರಟಾಗ ನಾನು ಮೊದಲೇ ಒಂದು ತೀರ್ಮಾನ ಮಾಡಿಕೊಂಡೆ. ಹನ್ನೆರಡಕ್ಕೂ ಬೇರೆ ಬೇರೆ ಪ್ಯಾಟರ್ನ್ ಬೇಡ, ಮೈ ಒಂದೇ ಇರಲಿ. ಅಂಗೈಯಲ್ಲಿ ಕೂರುವ ಗೊಂಬೆಯಲ್ಲಿ ಎಲ್ಲವನ್ನೂ ತೋರಿಸಲು ಜಾಗವೇ ಇರುವುದಿಲ್ಲ. ಟಗರನ್ನು ನಾವು ಗುರುತಿಸುವುದು ಸುರುಳಿ ಕೊಂಬಿನಿಂದ, ಚೇಳನ್ನು ಎತ್ತಿದ ಬಾಲದಿಂದ, ಸಿಂಹವನ್ನು ಕೇಸರದಿಂದ. ಶ್ರಮವನ್ನೆಲ್ಲ ಆ ಒಂದು ಅಂಗಕ್ಕೆ ಹಾಕಿ, ಉಳಿದದ್ದನ್ನು ಆದಷ್ಟು ಸರಳವಾಗಿ ಬಿಟ್ಟರೆ ಗೊಂಬೆ ದೂರದಿಂದಲೇ ತನ್ನ ಹೆಸರು ಹೇಳುತ್ತದೆ. ಹನ್ನೆರಡನ್ನೂ ಸಾಲಾಗಿ ಕೂರಿಸಿದಾಗ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುವುದೂ ಇದರಿಂದಲೇ.

ಆದರೆ ರಾಶಿಗಳಲ್ಲಿ ಎಲ್ಲವೂ ಪ್ರಾಣಿಗಳಲ್ಲವಲ್ಲ. ಕನ್ಯಾ, ತುಲಾ, ಕುಂಭಕ್ಕೆ ಏನು ಮಾಡುವುದು? ಮಕರ ಎಂದರೆ ಯಾವ ಪ್ರಾಣಿ? ಇದಕ್ಕೆ ನನಗೆ ದಾರಿ ಸಿಕ್ಕಿದ್ದು 6ನೇ ಶತಮಾನದ ಜ್ಯೋತಿಷಿ ವರಾಹಮಿಹಿರನ ಬೃಹಜ್ಜಾತಕ ಎಂಬ ಗ್ರಂಥದಲ್ಲಿ. ಅದರ ಮೊದಲ ಅಧ್ಯಾಯದಲ್ಲೇ ರಾಶಿಗಳ ರೂಪ ಹೇಳುವ ಒಂದು ಶ್ಲೋಕವಿದೆ. ಎರಡು ಮೀನು, ಕೊಡ ಹಿಡಿದವನು, ಗದೆ ವೀಣೆಗಳ ಜೋಡಿ, ಹಿಂಭಾಗ ಕುದುರೆಯಾಗಿರುವ ಬಿಲ್ಲುಗಾರ, ಜಿಂಕೆ ಮುಖದ ಮಕರ, ತಕ್ಕಡಿ ಹಿಡಿದವನು, ದೋಣಿಯಲ್ಲಿ ಪೈರು ಮತ್ತು ಬೆಂಕಿ ಹಿಡಿದ ಕನ್ಯೆ. ಉಳಿದವು ತಮ್ಮ ಹೆಸರಿಗೆ ತಕ್ಕಂತೆ ಎಂದು ಅಲ್ಲಿಗೆ ಮುಗಿಸುತ್ತಾನೆ. ಮುಂದೆ ಇನ್ನೊಂದು ಶ್ಲೋಕದಲ್ಲಿ ಬಣ್ಣಗಳೂ ಇವೆ: ಮೇಷಕ್ಕೆ ಕೆಂಪು, ವೃಷಭಕ್ಕೆ ಬಿಳಿ, ಮಿಥುನಕ್ಕೆ ಗಿಳಿಹಸಿರು, ತುಲಾಗೆ ಕಪ್ಪು, ವೃಶ್ಚಿಕಕ್ಕೆ ಹೊನ್ನಿನ ಬಣ್ಣ, ಮಕರಕ್ಕೆ ಹಲವು ಬಣ್ಣದ ಮಿಶ್ರಣ. ಜ್ಯೋತಿಷವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಗೊಂಬೆ ಮಾಡುವವರಿಗೆ ಮಾತ್ರ ಈ ಎರಡು ಶ್ಲೋಕಗಳಷ್ಟು ಒಳ್ಳೆಯ ವಿನ್ಯಾಸದ ಟಿಪ್ಪಣಿ ಇನ್ನೊಂದು ಸಿಗಲಿಕ್ಕಿಲ್ಲ. ಕೆಂಪು ಟಗರು, ಹೊನ್ನಿನ ಚೇಳು ಎಂದ ಕೂಡಲೇ ಕಣ್ಣ ಮುಂದೆ ಗೊಂಬೆ ಬಂದು ನಿಲ್ಲುತ್ತದೆ.

ದಾರದ ವಿಷಯಕ್ಕೆ ಬಂದರೆ, ನಾನು ಹತ್ತಿ ದಾರವನ್ನೇ ಬಳಸುತ್ತೇನೆ. ಅಕ್ರಿಲಿಕ್ ಉಲ್ಲನ್ ಮೃದು, ಹಗುರ, ಕೈಗೆ ಹಿತ. ಆದರೆ ಒಳಗೆ ಫೈಬರ್ (ಗೊಂಬೆಗೆ ತುಂಬುವ ಹತ್ತಿಯಂಥ ನಾರು) ಬಿಗಿಯಾಗಿ ತುಂಬಿದಾಗ ಹಿಗ್ಗುತ್ತದೆ, ಸ್ವಲ್ಪ ದಿನಕ್ಕೆ ಜುಂಗು ಏಳುತ್ತದೆ. ಹತ್ತಿ ದಾರ ಕೊಟ್ಟ ಆಕಾರವನ್ನು ಬಿಡುವುದಿಲ್ಲ. ದಾರದ ಚೀಟಿಯಲ್ಲಿ 4 ಮಿ.ಮೀ. ಕಡ್ಡಿ ಎಂದಿದ್ದರೆ ನಾನು 2.5 ಮಿ.ಮೀ. ತೆಗೆದುಕೊಳ್ಳುತ್ತೇನೆ. ಶಾಲಿಗೆ ಬೇಕಾದ ನೇಯ್ಗೆ ಬೇರೆ, ಗೊಂಬೆಗೆ ಬೇಕಾದದ್ದು ಬೇರೆ. ಸ್ಟಿಚ್‌ಗಳ ನಡುವೆ ಬಿಳಿ ಫೈಬರ್ ಇಣುಕಿದರೆ ಎಷ್ಟು ಚೆನ್ನಾಗಿ ಹೆಣೆದರೂ ಗೊಂಬೆ ಕಳೆಗಟ್ಟುವುದಿಲ್ಲ. ಇನ್ನೊಂದು ಸಣ್ಣ ವಿಷಯ: ಕಡ್ಡಿಗೆ ದಾರವನ್ನು ಮೇಲಿನಿಂದ ಸುತ್ತಿ ಎಳೆಯುವ ಬದಲು, ಕಡ್ಡಿಯನ್ನೇ ದಾರದ ಮೇಲೆ ಒತ್ತಿ ಕೆಳಗಿನಿಂದ ಎಳೆದುಕೊಂಡರೆ ಸ್ಟಿಚ್ ಗುಣಾಕಾರದ ಗುರುತಿನ ಹಾಗೆ ಬೀಳುತ್ತದೆ, ಹೆಣಿಗೆ ಇನ್ನಷ್ಟು ಬಿಗಿಯಾಗುತ್ತದೆ, ಸುತ್ತುಗಳು ಪಕ್ಕಕ್ಕೆ ಓರೆಯಾಗಿ ಜಾರುವುದೂ ಕಡಿಮೆ. ಮುಖದ ಎರಡು ಬದಿ ಸಮ ಕಾಣಬೇಕಾದ ಗೊಂಬೆಗಳಿಗೆ ಇದು ಬಹಳ ಉಪಕಾರಿ.

ಪ್ಯಾಟರ್ನ್ ಓದುವವರು ಗಮನಿಸಬೇಕಾದದ್ದು: ಅಮೆರಿಕದವರು ಸಿಂಗಲ್ ಕ್ರೋಶೆ ಎನ್ನುವುದನ್ನೇ ಬ್ರಿಟನ್ನಿನವರು ಡಬಲ್ ಕ್ರೋಶೆ ಎನ್ನುತ್ತಾರೆ. ಇಲ್ಲಿ ನಾನು ಬಳಸುತ್ತಿರುವುದು ಅಮೆರಿಕದ ಹೆಸರುಗಳು: ಸ್ಲಿಪ್ ಸ್ಟಿಚ್ ಎಲ್ಲಕ್ಕಿಂತ ಗಿಡ್ಡ, ಆಮೇಲೆ ಸಿಂಗಲ್, ಹಾಫ್ ಡಬಲ್, ಡಬಲ್ ಎಂದು ಎತ್ತರ ಏರುತ್ತ ಹೋಗುತ್ತದೆ.

ತಲೆಗೆ ಮ್ಯಾಜಿಕ್ ರಿಂಗ್‌ನಲ್ಲಿ (ಎಳೆದರೆ ಬಿಗಿಯಾಗಿ ಮುಚ್ಚುವ ದಾರದ ಕುಣಿಕೆ) 6 ಸಿಂಗಲ್ ಕ್ರೋಶೆ. ಆಮೇಲೆ ಪ್ರತಿ ಸುತ್ತಿಗೂ ಆರಾರು ಹೆಚ್ಚಿಸುತ್ತ 12, 18, 24, 30, 36. ಆರೇ ಯಾಕೆ ಎಂದು ಕೇಳುವವರಿದ್ದಾರೆ. ಸಿಂಗಲ್ ಕ್ರೋಶೆಯ ಎತ್ತರವೂ ಅಗಲವೂ ಹೆಚ್ಚುಕಡಿಮೆ ಒಂದೇ. ವೃತ್ತದ ತ್ರಿಜ್ಯ ಒಂದು ಸ್ಟಿಚ್‌ನಷ್ಟು ಬೆಳೆದರೆ ಸುತ್ತಳತೆ 2π, ಅಂದರೆ ಸುಮಾರು 6.28 ಸ್ಟಿಚ್‌ನಷ್ಟು ಬೆಳೆಯಲೇಬೇಕು. ಅದಕ್ಕೇ ಆರು ಸೇರಿಸಿದರೆ ವೃತ್ತ ಸಪಾಟಾಗಿ ಕೂರುತ್ತದೆ. ಕಡಿಮೆ ಸೇರಿಸಿದರೆ ಬಟ್ಟಲಾಗುತ್ತದೆ, ಜಾಸ್ತಿ ಸೇರಿಸಿದರೆ ಅಂಚು ಅಲೆಅಲೆಯಾಗುತ್ತದೆ. ಹೆಚ್ಚಿಸುವ ಜಾಗ ಪ್ರತಿ ಸುತ್ತಿನಲ್ಲೂ ಒಂದರ ಮೇಲೊಂದು ಬಂದರೆ ತಲೆ ಷಟ್ಕೋನವಾಗುವುದರಿಂದ, ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಆ ಜಾಗಗಳನ್ನು ಅರ್ಧ ದೂರ ಸರಿಸುತ್ತೇನೆ. 36 ಆದಮೇಲೆ ಆರು ಸುತ್ತು ನೇರ, ನಂತರ 30, 24, 18ಕ್ಕೆ ಇಳಿಸುವುದು. ಅಲ್ಲಿ ದಾರ ಕತ್ತರಿಸದೆ ಕುತ್ತಿಗೆಯಿಂದಲೇ ಮತ್ತೆ 24, 30ಕ್ಕೆ ಏರಿಸಿ ಮೈ ಮಾಡುತ್ತೇನೆ. ತಲೆಯನ್ನು ಬೇರೆಯಾಗಿ ಹೊಲಿಯುವ ಕೆಲಸವಿಲ್ಲ, ಕತ್ತು ಓಲಾಡುವುದಿಲ್ಲ. ಪ್ರತಿ ಸ್ಟಿಚ್‌ನ ತಲೆಯಲ್ಲಿ ಮುಂದೊಂದು, ಹಿಂದೊಂದು ಎಳೆ ಇರುತ್ತದೆ. ಇಳಿಸುವಾಗ ಎರಡು ಸ್ಟಿಚ್‌ಗಳ ಮುಂದಿನ ಎಳೆಗಳನ್ನು ಮಾತ್ರ ಕಡ್ಡಿಗೆ ತೆಗೆದುಕೊಂಡು ಒಂದಾಗಿಸಿದರೆ ಇಳಿಸಿದ್ದು ಹೊರಗೆ ಕಾಣುವುದೇ ಇಲ್ಲ.

ಇನ್ನು ರಾಶಿಗಳು.

ಟಗರಿನ ಮೈಗೆ ಬಾಬಲ್ ಸ್ಟಿಚ್. ಒಂದೇ ಸ್ಟಿಚ್‌ನಲ್ಲಿ ಐದು ಡಬಲ್ ಕ್ರೋಶೆಗಳನ್ನು ಅರ್ಧಕ್ಕೆ ನಿಲ್ಲಿಸಿ ಕೊನೆಗೆ ಒಟ್ಟಿಗೆ ಮುಗಿಸಿದರೆ ಒಂದು ಗುಬುಟು ಏಳುತ್ತದೆ. ಒಂದು ಗುಬುಟು, ಒಂದು ಸಿಂಗಲ್, ಹೀಗೆ ಒಂದು ಸುತ್ತು. ಮೇಲೊಂದು ಸಾದಾ ಸುತ್ತು. ಅದರ ಮೇಲಿನ ಸುತ್ತಿನಲ್ಲಿ ಗುಬುಟುಗಳ ಜಾಗ ಬದಲು. ಈ ಗುಬುಟುಗಳು ಸಹಜವಾಗಿ ಒಳಗಡೆಗೇ ಉಬ್ಬುತ್ತವೆ, ಪ್ರತಿಯೊಂದನ್ನೂ ಬೆರಳಿನಿಂದ ಹೊರಗೆ ತಳ್ಳಬೇಕು. ಕೊಂಬಿಗೆ 12 ಸ್ಟಿಚ್‌ನ ಸಣ್ಣ ಕೊಳವೆ: ಪ್ರತಿ ಸುತ್ತಿನಲ್ಲಿ ಒಂದು ಬದಿಗೆ ಎರಡು ಇಳಿಕೆ, ಮೂರು ಸಾದಾ, ಎದುರು ಬದಿಗೆ ಎರಡು ಏರಿಕೆ, ಮತ್ತೆ ಮೂರು ಸಾದಾ. ಎಣಿಕೆ 12 ಆಗಿಯೇ ಉಳಿಯುತ್ತದೆ, ಆದರೆ ಒಂದು ಬದಿ ಗಿಡ್ಡ, ಒಂದು ಬದಿ ಉದ್ದವಾಗಿ ಕೊಳವೆ ತಾನಾಗಿ ಬಾಗುತ್ತ ಹೋಗುತ್ತದೆ. ಎರಡೂ ಕೊಂಬನ್ನು ಒಂದೇ ದಿಕ್ಕಿನಲ್ಲಿ ಹೆಣೆಯುವುದರಿಂದ ಎರಡರ ತಿರುಚೂ ಒಂದೇ ಕಡೆಗೆ ಇರುತ್ತದೆ. ತಲೆಯ ಎರಡು ಪಕ್ಕಕ್ಕೂ ಸುರುಳಿಯನ್ನು ಚಪ್ಪಟೆಯಾಗಿ ಒತ್ತಿ ಹೊಲಿದುಬಿಟ್ಟರೆ ಆ ವ್ಯತ್ಯಾಸ ಮುಚ್ಚಿಹೋಗುತ್ತದೆ.

ವೃಷಭಕ್ಕೆ ಇದೇ ಕೊಂಬನ್ನು ಕಾಲುಭಾಗಕ್ಕೆ ನಿಲ್ಲಿಸಿದರೆ ಸಾಕು, ಚಂದ್ರನ ಕುಡಿಯಂತೆ ಮೇಲಕ್ಕೆ ಬಾಗಿ ನಿಲ್ಲುತ್ತದೆ. ಆದರೆ ಕೊಂಬಿಗಿಂತ ಹೆಚ್ಚಾಗಿ ಗೂಳಿಯನ್ನು ಗೂಳಿ ಮಾಡುವುದು ಹಿಣಿಲು. 18 ಸ್ಟಿಚ್‌ನ ಪುಟ್ಟ ಬಟ್ಟಲು ಹೆಣೆದು, ಫೈಬರ್ ತುಂಬಿ, ಕುತ್ತಿಗೆಯ ಹಿಂದೆ ಸ್ವಲ್ಪ ಒಂದು ಕಡೆಗೆ ವಾಲಿದ ಹಾಗೆ ಹೊಲಿಯಿರಿ. ಬಿಳಿ ಗೊಂಬೆಗೆ ಒಮ್ಮೆಗೇ ಗಾಂಭೀರ್ಯ ಬರುತ್ತದೆ.

ಮಿಥುನಕ್ಕೆ ಗಿಳಿಹಸಿರು ಎಂದು ಓದಿದ ಮೇಲೆ ನನಗೆ ಬೇರೆ ಯೋಚನೆಯೇ ಬರಲಿಲ್ಲ, ಎರಡು ಗಿಳಿಗಳನ್ನೇ ಮಾಡಿದೆ. ರೆಕ್ಕೆಗೆ ರೆಕ್ಕೆ ತಾಗಿಸಿ ಹೊಲಿದ ಜೋಡಿ. ಕರ್ಕಾಟಕಕ್ಕೆ 8 ಚೈನ್ (ಸರಪಳಿಯಂಥ ಕುಣಿಕೆ) ಹಾಕಿ, ಎರಡೂ ಬದಿಗೆ ಹೆಣೆಯುತ್ತ, ತುದಿಗಳಲ್ಲಿ ಮಾತ್ರ ಹೆಚ್ಚಿಸಿದರೆ ಏಡಿಯ ಅಂಡಾಕಾರದ ಮೈ ಬರುತ್ತದೆ. ಎಂಟು ನಡೆಯುವ ಕಾಲು, ಎರಡು ಇಕ್ಕಳ. ಚೇಳಿಗೂ ಇಷ್ಟೇ ಇರುವುದರಿಂದ ಏಡಿಯ ಕಣ್ಣುಗಳನ್ನು ಕಡ್ಡಿಯಂಥ ದಂಟಿನ ಮೇಲೆ ಕೂರಿಸುತ್ತೇನೆ, ಬೇರೆಯೆಂದು ತಿಳಿಯಲು ಅದೇ ಸಾಕು. ಸಿಂಹದ ಕೇಸರಕ್ಕೆ ದಾರದ ತುಂಡುಗಳನ್ನು ಗಂಟು ಹಾಕಿ ಎಳೆ ಬಿಡಿಸಿ ಬಾಚುವುದು ನೋಡಲು ಸೊಗಸು, ಆದರೆ ಎಳೆ ಮಕ್ಕಳಿಗೆ ಕೊಡುವುದಾದರೆ ತುಂಡು ದಾರ ಬೇಡ. ಮುಖದ ಸುತ್ತ ಚೈನ್‌ಗಳ ಕುಣಿಕೆ ಹಾಕಿ, ಅದು ಎಳೆದರೂ ಕಿತ್ತು ಬರುವುದಿಲ್ಲ. ಕನ್ಯೆಯನ್ನು ಮಾತ್ರ ಪ್ರಾಣಿ ಮಾಡಲು ಮನಸ್ಸು ಒಪ್ಪಲಿಲ್ಲ. ದೋಣಿಯಲ್ಲಿ ಕೂತ ಪುಟ್ಟ ಹುಡುಗಿ, ಕೈಯಲ್ಲಿ ಒಂದು ತೆನೆ.

ತುಲಾ ನನಗೆ ತುಂಬ ಇಷ್ಟವಾದ ಗೊಂಬೆ. ಕಪ್ಪು ಬಣ್ಣ ಎಂದಾಗ ಆನೆ ನೆನಪಾಯಿತು, ತಕ್ಕಡಿ ಹಿಡಿಯಲು ಸೊಂಡಿಲೂ ಇದೆ. ಅಚ್ಚ ಕಪ್ಪು ದಾರದಲ್ಲಿ ಸ್ಟಿಚ್ ಕಾಣುವುದೇ ಕಷ್ಟ, ಹಾಗಾಗಿ ಗಾಢ ಬೂದು ಬಣ್ಣ ಆರಿಸಿಕೊಂಡು ಹಗಲು ಬೆಳಕಿನಲ್ಲೇ ಹೆಣೆದೆ. ತಕ್ಕಡಿಯ ದಂಡಕ್ಕೆ ಕಡ್ಡಿ, ತಂತಿ ಏನೂ ಹಾಕಲಿಲ್ಲ. 14 ಚೈನ್ ಮೇಲೆ ಮೂರು ಸಾಲು ಬಿಗಿಯಾದ ಸಿಂಗಲ್ ಹೆಣೆದು, ಉದ್ದುದ್ದ ಮಡಚಿ ಅಂಚು ಹೊಲಿದರೆ ಗೊಂಬೆಗೆ ಸಾಕಾಗುವಷ್ಟು ಗಟ್ಟಿ ದಂಡ. ತಟ್ಟೆಗಳು 18 ಸ್ಟಿಚ್‌ನ ಸಪಾಟು ವೃತ್ತಗಳು. ಆರಾರು ಸ್ಟಿಚ್‌ಗೆ ಒಂದರಂತೆ ಮೂರು ದಾರ ಕಟ್ಟಿದರೆ ತಟ್ಟೆ ವಾಲುವುದಿಲ್ಲ. ದಂಡದ ನಡುವನ್ನು ಎಣಿಸಿ ಹುಡುಕಬೇಡಿ. ತಟ್ಟೆ ಕಟ್ಟಿದ ಮೇಲೆ ದಂಡವನ್ನು ಸೂಜಿಯ ಮೇಲೆ ನಿಲ್ಲಿಸಿ, ಎರಡೂ ಕಡೆ ಸಮ ತೂಗುವ ಜಾಗ ಎಲ್ಲಿದೆಯೋ ಅಲ್ಲೇ ಸೊಂಡಿಲಿಗೆ ಹೊಲಿಯಿರಿ. ನಿಜವಾಗಿಯೂ ತೂಗುವ ತಕ್ಕಡಿಯಾಗುತ್ತದೆ.

ಚೇಳಿನ ಜೀವ ಇರುವುದು ಬಾಲದಲ್ಲಿ. ನಿಜವಾದ ಚೇಳಿನ ಬಾಲಕ್ಕೆ ಐದು ಗೆಣ್ಣು, ತುದಿಯಲ್ಲಿ ಕೊಂಡಿ. ಒಳಗೆ ತಂತಿ ಇಡದೆ ಬಾಲವನ್ನು ಬೆನ್ನ ಮೇಲೆ ಬಾಗಿಸುವ ಉಪಾಯ ಇದು: 12 ಸ್ಟಿಚ್‌ನ ಸುತ್ತಿನಲ್ಲಿ ನಾಲ್ಕು ಸ್ಲಿಪ್ ಸ್ಟಿಚ್, ಎರಡು ಸಿಂಗಲ್, ನಾಲ್ಕು ಹಾಫ್ ಡಬಲ್, ಎರಡು ಸಿಂಗಲ್. ಸ್ಲಿಪ್ ಸ್ಟಿಚ್ ಇರುವ ಬದಿ ಗಿಡ್ಡ, ಹಾಫ್ ಡಬಲ್ ಇರುವ ಬದಿ ಎತ್ತರ. ಸುತ್ತು ಸುತ್ತಿಗೂ ಬಾಲ ಸ್ವಲ್ಪ ಸ್ವಲ್ಪ ಬಾಗುತ್ತದೆ. ಸ್ಲಿಪ್ ಸ್ಟಿಚ್‌ಗಳನ್ನು ಸಡಿಲವಾಗಿ ಹಾಕಬೇಕು, ಇಲ್ಲದಿದ್ದರೆ ಮುಂದಿನ ಸುತ್ತಿನಲ್ಲಿ ಕಡ್ಡಿ ಒಳಗೆ ಹೋಗುವುದೇ ಇಲ್ಲ. ಹೊರಬದಿಗೆ ಫೈಬರ್ ಬಿಗಿಯಾಗಿ, ಒಳಬದಿಗೆ ತೆಳುವಾಗಿ ತುಂಬಿ. ಆಮೇಲೆ ಅದೇ ಬಣ್ಣದ ದಾರವನ್ನು ಸಮ ದೂರದಲ್ಲಿ ಸುತ್ತಿ ಎಳೆದು ಕಟ್ಟಿದರೆ ಐದು ಗೆಣ್ಣು ಮೂಡುತ್ತವೆ. ಬುಡವನ್ನು ಮೈಗೆ ಎರಡು ಸುತ್ತು ಹೊಲಿದರೆ ಬಾಲ ಹಿಂದಕ್ಕೆ ಬೀಳುವುದಿಲ್ಲ. ಹೊನ್ನಿನ ಬಣ್ಣದ ಈ ಚೇಳನ್ನು ಕಂಡು ಹೆದರುವ ಮಗುವೇ ಇರಲಿಕ್ಕಿಲ್ಲ.

ಧನುವಿಗೆ ಕುದುರೆಯ ಮೈ, ಪಕ್ಕಕ್ಕೆ ಚಪ್ಪಟೆಯಾಗಿ ಹೊಲಿದ ಬಿಲ್ಲು. ಕುಂಭದ ಕೊಡಕ್ಕೆ ಕಂಠದ ಅಂಚು ಎದ್ದು ಕಾಣಬೇಕಾದರೆ ಆ ಒಂದು ಸುತ್ತನ್ನು ಹಿಂದಿನ ಎಳೆಯಲ್ಲಿ ಮಾತ್ರ ಹೆಣೆಯಬೇಕು. ನನ್ನ ಕೊಡದೊಳಗಿಂದ ಒಂದು ಕಪ್ಪೆ ಇಣುಕುತ್ತದೆ. ಅದು ಯಾವ ಶ್ಲೋಕದಲ್ಲೂ ಇಲ್ಲ, ನನ್ನ ಸ್ವಂತದ್ದು.

ಮಕರಕ್ಕೆ ಪಶ್ಚಿಮದವರ ಚಿತ್ರಗಳಲ್ಲಿ ಮುಂದೆ ಮೇಕೆ, ಹಿಂದೆ ಮೀನು. ನಾನು ವರಾಹಮಿಹಿರನ ಜಿಂಕೆ ಮುಖವನ್ನೇ ಹಿಡಿದೆ. ಮೈಗೆ ಎರಡು ಬಣ್ಣದ ತೆಳು ದಾರಗಳನ್ನು ಜೋಡಿಸಿ ಹೆಣೆದರೆ ಹಲವು ಬಣ್ಣದ ಮಿಶ್ರಣ ತಾನಾಗಿ ಬರುತ್ತದೆ. ಕಷ್ಟದ್ದು ಬಾಲದ ಪೊರೆ. ಇದಕ್ಕೆಂದೇ ಕ್ರೊಕೊಡೈಲ್ ಸ್ಟಿಚ್ ಎಂಬುದಿದೆ, ಒಂದರ ಮೇಲೊಂದು ಬರುವ ಪೊರೆಗಳದು. ಆದರೆ ಇಷ್ಟು ಚಿಕ್ಕ ಗೊಂಬೆಗೆ ಅದು ತೀರಾ ದಪ್ಪ. ನಾನು ಮಾಡಿದ್ದು ಹೀಗೆ: ಬಾಲವನ್ನು 24 ಸ್ಟಿಚ್‌ಗೆ ತಂದು, ಎರಡು ಸುತ್ತಿಗೊಮ್ಮೆ ಹಿಂದಿನ ಎಳೆಯಲ್ಲಿ ಮಾತ್ರ ಹೆಣೆಯುತ್ತ ಹೋದೆ. ಆ ಸುತ್ತುಗಳಲ್ಲಿ ಮುಂದಿನ ಎಳೆಗಳು ಹೊರಗೆ ಉಳಿಯುತ್ತವೆ. ಬಾಲ ಮುಗಿದ ಮೇಲೆ, ತುದಿ ಮೇಲೆ ಬರುವಂತೆ ಹಿಡಿದು, ಉಳಿದ ಎಳೆಗಳಿಗೆ ಹೊಸ ದಾರ ಸೇರಿಸಿ, ಒಂದು ಬಿಟ್ಟು ಮುಂದಿನದರಲ್ಲಿ ಐದು ಹಾಫ್ ಡಬಲ್, ಮತ್ತೊಂದು ಬಿಟ್ಟು ಒಂದು ಸ್ಲಿಪ್ ಸ್ಟಿಚ್. ನಾಲ್ಕು ಎಳೆಗೆ ಒಂದರಂತೆ ಸುತ್ತಿಗೆ ಆರು ಪೊರೆ. ತುದಿಯ ಸಾಲಿನಿಂದ ಶುರುಮಾಡಿ ಮೈ ಕಡೆಗೆ ಬನ್ನಿ. ಮೈ ಕಡೆಯಿಂದ ಹೊರಟರೆ ಮೊದಲ ಸಾಲಿನ ಪೊರೆಗಳೇ ಮುಂದಿನ ಸಾಲಿನ ಎಳೆಗಳನ್ನು ಮುಚ್ಚಿಬಿಡುತ್ತವೆ. ಸಾಲಿಂದ ಸಾಲಿಗೆ ಎರಡು ಎಳೆ ಸರಿಸಿದರೆ ಪೊರೆಗಳು ಹಂಚಿನ ಹಾಗೆ ಸಂದು ಮುಚ್ಚಿ ಕೂರುತ್ತವೆ.

ಮೀನ ಸುಲಭ. ಎರಡು ಮೀನು, ನಡುವೆ ಒಂದು ಹುರಿ. ನಕ್ಷತ್ರಪಟಗಳಲ್ಲಿ ಆ ಹುರಿಯ ಗಂಟಿನ ಜಾಗದಲ್ಲಿ ಅಲ್ರೆಶಾ ಎಂಬ ನಕ್ಷತ್ರವಿದೆ, ಅದಕ್ಕಾಗಿ ನಾನು ಗಂಟಿನ ಮೇಲೆ ಹಳದಿ ದಾರದಲ್ಲಿ ಒಂದು ಚುಕ್ಕಿ ಕಸೂತಿ ಹಾಕುತ್ತೇನೆ. ಹುರಿ ಗಿಡ್ಡವಾಗಿರಲಿ. ಉದ್ದದ ಹುರಿ ಮಗುವಿನ ಕತ್ತಿಗೆ ಸುತ್ತಿಕೊಳ್ಳುವ ಅಪಾಯವಿದೆ.

ಕಣ್ಣಿನ ವಿಷಯದಲ್ಲಿ ಎರಡು ಮಾತು. ಕಣ್ಣುಗಳನ್ನು ಮುಖದ ಅರ್ಧಕ್ಕಿಂತ ಕೆಳಗೆ, ಒಂದಕ್ಕೊಂದು ದೂರವಾಗಿ ಇಟ್ಟರೆ ಯಾವ ಪ್ರಾಣಿಯಾದರೂ ಮರಿಯಂತೆ ಕಾಣುತ್ತದೆ. ದೊಡ್ಡ ಹಣೆ, ಕೆಳಗಿರುವ ಕಣ್ಣು ಕಂಡರೆ ನಮಗೆ ಮುದ್ದು ಉಕ್ಕುತ್ತದೆ ಎಂದು ಪ್ರಾಣಿಗಳ ವರ್ತನೆಯನ್ನು ಅಧ್ಯಯನ ಮಾಡಿದ ವಿಜ್ಞಾನಿ ಕೊನ್ರಾಡ್ ಲೊರೆನ್ಜ್ 1943ರಲ್ಲೇ ಬರೆದಿದ್ದಾನೆ. ನನ್ನ ಅಳತೆಗೆ 10 ಮತ್ತು 11ನೇ ಸುತ್ತಿನ ನಡುವೆ, ಎಂಟು ಸ್ಟಿಚ್ ಅಂತರ, 6 ಮಿ.ಮೀ. ಸೇಫ್ಟಿ ಕಣ್ಣು (ಹಿಂದಿನಿಂದ ವಾಷರ್ ಒತ್ತಿ ಕೂರಿಸುವ ಪ್ಲಾಸ್ಟಿಕ್ ಕಣ್ಣು) ಚೆನ್ನಾಗಿ ಒಪ್ಪುತ್ತದೆ. ಹಿಂದಿನ ವಾಷರ್ ಒಮ್ಮೆ ಕೂತರೆ ತೆಗೆಯಲಾಗುವುದಿಲ್ಲವಾದ್ದರಿಂದ ಮೊದಲು ಗುಂಡುಪಿನ್ನು ಚುಚ್ಚಿ, ದೂರ ಇಟ್ಟು ನೋಡಿ, ಆಮೇಲೆ ಒತ್ತಿ. ಹೆಸರು ಸೇಫ್ಟಿ ಎಂದಿದ್ದರೂ ಮೂರು ವರ್ಷದೊಳಗಿನ ಮಕ್ಕಳ ಗೊಂಬೆಗೆ ನಾನು ಅದನ್ನು ಹಾಕುವುದೇ ಇಲ್ಲ, ಕಪ್ಪು ದಾರದಲ್ಲಿ ಕಸೂತಿ ಮಾಡುತ್ತೇನೆ.

ಹೊಸದಾಗಿ ಕಲಿಯುತ್ತಿರುವವರು ರಾಶಿಚಕ್ರದ ಕ್ರಮವನ್ನೇ ಹಿಡಿದು ಮೇಷದಿಂದ ಹೊರಡಬೇಕಿಲ್ಲ. ಮೀನದಿಂದ ಶುರುಮಾಡಿ, ವೃಷಭ ಮತ್ತು ಸಿಂಹಕ್ಕೆ ಹೋಗಿ. ಅಷ್ಟರಲ್ಲಿ ಇಳಿಕೆ ಏರಿಕೆ ಕೈಗೆ ಹತ್ತಿರುತ್ತದೆ, ಆಗ ಟಗರಿನ ಕೊಂಬು ಹಿಡಿಯಿರಿ. ಚೇಳು, ಮಕರ ಕೊನೆಗಿರಲಿ.